ವೆನಿಸ್‌ನಲ್ಲಿ ಒಬ್ಬಳೇ, ಒಂದು ದಿನ, ಕಾಲ್ನಡಿಗೆಯಲ್ಲಿ: ಯಾವ ದಾರಿ?

ಪ್ರಶ್ನೆ
ನವೆಂಬರ್‌ನಲ್ಲಿ ಒಬ್ಬಳೇ ವೆನಿಸ್‌ಗೆ ಹೊರಟಿದ್ದೇನೆ. ಕೋಣೆ ಪಕ್ಕದ ಮೇಸ್ತ್ರೆಯಲ್ಲಿ. ಒಂದು ಪೂರ್ತಿ ದಿನ ದೋಣಿ ಹತ್ತದೆ ನಡೆದೇ ನೋಡುವ ಆಸೆ. ಎಲ್ಲಿಂದ ಶುರು ಮಾಡಲಿ? ಮ್ಯಾಪ್ ನಂಬಬಹುದೇ? ನಾನು ಸಸ್ಯಾಹಾರಿ.

ಉತ್ತರ 1
ಮೇಸ್ತ್ರೆಯಿಂದ ವೆನಿಸ್‌ನ ಸಾಂತಾ ಲೂಚಿಯಾ ನಿಲ್ದಾಣಕ್ಕೆ ರೈಲಿನಲ್ಲಿ ಹತ್ತು–ಹನ್ನೆರಡು ನಿಮಿಷ. ಕಾಗದದ ಟಿಕೆಟ್ ಆದರೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್ ಬಳಿಯ ಯಂತ್ರದಲ್ಲಿ ಮುದ್ರೆ ಒತ್ತಿಸಿ. ಮರೆತರೆ ಟಿಕೆಟ್ ಕೈಯಲ್ಲಿದ್ದರೂ ದಂಡ.

ಊರಿನ ನಡುವಿನ ದೊಡ್ಡ ಕಾಲುವೆ ಗ್ರ್ಯಾಂಡ್ ಕೆನಾಲ್ ಮೇಲಿರುವುದು ನಾಲ್ಕೇ ಸೇತುವೆ. ನಾಲ್ಕನ್ನೂ ಒಂದೊಂದು ಸಲ ದಾಟಿದರೆ ಊರು ಸುತ್ತಿ ಮತ್ತೆ ನಿಲ್ದಾಣಕ್ಕೇ ಬಂದಿರುತ್ತೀರಿ. ನಿಲ್ದಾಣದ ಎದುರಿನ ಸ್ಕಾಲ್ಜಿ ಸೇತುವೆ ದಾಟಿ ಸಾನ್ ಜಾಕೊಮೊ ದಲ್ಲೋರಿಯೊ ಚೌಕ, ಸಾನ್ ಪೊಲೊ ಚೌಕ, ರಿಯಾಲ್ಟೊ ಮಾರುಕಟ್ಟೆ. ರಿಯಾಲ್ಟೊ ಸೇತುವೆ ದಾಟಿ ಸಾನ್ ಮಾರ್ಕೊ. ಅಲ್ಲಿಂದ ಅಕಾದೆಮಿಯಾ ಸೇತುವೆ ದಾಟಿ ಜಾತ್ತೆರೆ ದಂಡೆ, ಸಾಂತಾ ಮಾರ್ಗೆರಿತಾ ಚೌಕ. ಕೊನೆಗೆ ಬಸ್ಸುಗಳು ನಿಲ್ಲುವ ಪಿಯಾಜಾಲೆ ರೋಮಾ ಪಕ್ಕದ, 2008ರಲ್ಲಿ ತೆರೆದ ಸೇತುವೆ. ಆರು ಕಿಲೋಮೀಟರ್ ಆಸುಪಾಸು. ಮಾರುಕಟ್ಟೆ ಬೆಳಗಿನದ್ದು, ಹಾಗಾಗಿ ಸುತ್ತನ್ನು ತಿರುಗುಮುರುಗು ಮಾಡಬೇಡಿ. ಸೂಟ್‌ಕೇಸ್ ಕೋಣೆಯಲ್ಲೇ ಇರಲಿ, ಹೆಜ್ಜೆಗೊಂದು ಸೇತುವೆ, ಬಹುತೇಕ ಎಲ್ಲಕ್ಕೂ ಮೆಟ್ಟಿಲು.

ಉತ್ತರ 2
ಮ್ಯಾಪ್ ಬಗ್ಗೆ: ಓಣಿಗಳು ಇಕ್ಕಟ್ಟು, ಗೋಡೆಗಳು ಎತ್ತರ. ಉಪಗ್ರಹದ ಸಂಕೇತ ಗೋಡೆಗೆ ಬಡಿದು ಬರುವುದರಿಂದ ನೀಲಿ ಚುಕ್ಕೆ ಪಕ್ಕದ ಓಣಿಗೆ ಜಿಗಿಯುತ್ತದೆ. ಪಕ್ಕದ ಓಣಿ ನೀರಿಗೇ ಕೊನೆಯಾಗಬಹುದು. ಗೋಡೆಯ ಮೇಲಿನ 'ಪೆರ್ ರಿಯಾಲ್ಟೊ', 'ಪೆರ್ ಸಾನ್ ಮಾರ್ಕೊ', 'ಅಲ್ಲಾ ಫೆರೊವಿಯಾ' (ನಿಲ್ದಾಣಕ್ಕೆ) ಎಂಬ ಹಳದಿ ಫಲಕಗಳನ್ನು ನಂಬಿ.

ವಿಳಾಸದಲ್ಲಿ 'ಕಾನ್ನಾರೆಜೊ 3400' ಎಂದಷ್ಟೇ ಇದ್ದರೆ ಅದು ಓಣಿಯ ಸಂಖ್ಯೆಯಲ್ಲ. ಊರಿನ ಆರು ಭಾಗಗಳಲ್ಲಿ ಒಂದಕ್ಕೆ ಪೂರ್ತಿಯಾಗಿ ಸಾವಿರಗಟ್ಟಲೆ ಓಡುವ ಎಣಿಕೆ. ಓಣಿಯ ಹೆಸರು, ಹತ್ತಿರದ ಚರ್ಚ್ ಕೇಳಿ ಬರೆದಿಟ್ಟುಕೊಳ್ಳಿ.

ಉತ್ತರ 3
ನವೆಂಬರ್ ಎಂದರೆ ಆಕ್ವಾ ಆಲ್ತಾ, ಅಂದರೆ ಉಬ್ಬರದ ನೀರು ಊರೊಳಗೆ ನುಗ್ಗುವ ಕಾಲ. 2020ರಿಂದ ಉಬ್ಬರ ತಡೆಯುವ ಮೋಸೆ ತಡೆಗೋಡೆ ಕೆಲಸ ಮಾಡುತ್ತಿದೆ ನಿಜ, ಆದರೆ ಅದನ್ನು ಎತ್ತುವುದು ಸಾಮಾನ್ಯವಾಗಿ 110 ಸೆಂಟಿಮೀಟರ್ ಉಬ್ಬರದ ಮುನ್ಸೂಚನೆ ಇದ್ದಾಗ. ಸಾನ್ ಮಾರ್ಕೊ ಚೌಕ ಊರಿನಲ್ಲೇ ತಗ್ಗು, ಅದಕ್ಕಿಂತ ಕಡಿಮೆ ನೀರಿಗೇ ಒದ್ದೆಯಾಗುತ್ತದೆ. ಹಿಂದಿನ ರಾತ್ರಿ ನಗರಸಭೆಯ ಉಬ್ಬರ ಮುನ್ಸೂಚನೆ ನೋಡಿ, ಚೌಕವನ್ನು ನೀರಿಳಿಯುವ ಹೊತ್ತಿಗೆ ಇಟ್ಟುಕೊಳ್ಳಿ.

ಊಟಕ್ಕೆ ಒಂಟಿ ಪ್ರಯಾಣಿಕರಿಗೆ ಬಾಕರೊ ಎಂಬ ಪುಟ್ಟ ಅಂಗಡಿಗಳೇ ಅನುಕೂಲ. ನಿಂತೇ ತಿನ್ನುವುದು, ಗಾಜಿನೊಳಗೆ ಚಿಕೆತ್ತಿ ಎಂಬ ಸಣ್ಣ ತಿಂಡಿ, ಬೆರಳು ತೋರಿಸಿದರೆ ಸಾಕು. ಬಹುಪಾಲು ಮೀನು. ಕರಿದ 'ಮೊಜಾರೆಲ್ಲಾ ಇನ್ ಕರೊಜಾ' ನೋಡಲು ಬರೀ ಚೀಸ್, ಒಳಗೆ ಆಂಚೊವಿ ಮೀನೋ ಹಂದಿಮಾಂಸವೋ ಇರುವುದೇ ಹೆಚ್ಚು. 'ಸೆನ್ಜಾ ಕಾರ್ನೆ, ಸೆನ್ಜಾ ಪೆಶೆ' (ಮಾಂಸ, ಮೀನು ಬೇಡ) ಎರಡನ್ನೂ ಹೇಳಿ.

ಪ್ರಶ್ನೆ ಕೇಳಿದವರು
ಪ್ರವೇಶ ಶುಲ್ಕವೂ ಇದೆಯಂತಲ್ಲ?

ಉತ್ತರ 1
2024ರಲ್ಲಿ ಶುರುವಾದದ್ದು, ವಸಂತ ಮತ್ತು ಬೇಸಿಗೆಯ ಆಯ್ದ ದಿನಗಳಿಗೆ, ರಾತ್ರಿ ತಂಗದೆ ಹೋಗುವವರಿಗೆ. ಮೇಸ್ತ್ರೆ ಕೂಡ ವೆನಿಸ್ ನಗರಸಭೆಗೇ ಸೇರಿದ್ದು, ಅಲ್ಲಿ ತಂಗುವವರಿಗೆ ವಿನಾಯಿತಿ ಇದೆ. ಕೋಣೆಯ ರಸೀದಿ ಫೋನಿನಲ್ಲಿರಲಿ.