ಕಾಫಿ, ಮೆಣಸು ಎರಡೂ ಬೆಳೆಯೋರು ಎಷ್ಟು ಪರ್ಸೆಂಟ್? ಮೊದಲ ಹೇಳಿಕೆ ಒಂದೇ ಸಾಕಲ್ವಾ?

ಮೂಡಿಗೆರೆ ಹುಡುಗ: ಡೇಟಾ ಸಫಿಶಿಯೆನ್ಸಿ ಲೆಕ್ಕ, ಅಂದ್ರೆ ಉತ್ತರ ಕಂಡುಹಿಡಿಯೋಕೆ ಯಾವ ಹೇಳಿಕೆ ಸಾಕು ಅಂತ ಹೇಳೋದು. ಒಂದು ಹೋಬಳಿಯ ಬೆಳೆಗಾರರಲ್ಲಿ 70% ಜನ ಕಾಫಿ ಬೆಳೀತಾರೆ. ಕಾಫಿ, ಕಾಳುಮೆಣಸು ಎರಡೂ ಬೆಳೆಯೋರು ಎಷ್ಟು ಪರ್ಸೆಂಟ್?
ಹೇಳಿಕೆ 1: ಮೆಣಸು ಬೆಳೆಯೋರಲ್ಲಿ 80% ಜನ ಕಾಫಿಯನ್ನೂ ಬೆಳೀತಾರೆ.
ಹೇಳಿಕೆ 2: ಕಾಫಿ ಬೆಳೆಯದವರಲ್ಲಿ ಮೂರನೇ ಒಂದು ಭಾಗ ಮೆಣಸು ಬೆಳೀತಾರೆ.
1 ಒಂದೇ ಸಾಕು ಅಂತೀನಿ.

ಸಕಲೇಶಪುರ ಮೇಷ್ಟ್ರು: ಸಾಲಲ್ಲ. ಆ 80% ಮೆಣಸಿನವರಲ್ಲಿ, ಒಟ್ಟು ಬೆಳೆಗಾರರಲ್ಲಿ ಅಲ್ಲ. ಮೆಣಸಿನವರು 50 ಆದ್ರೆ ಎರಡೂ ಬೆಳೆಯೋರು 40, 25 ಆದ್ರೆ 20. 2ರಿಂದ ಮೆಣಸು ಮಾತ್ರ ಬೆಳೆಯೋರು 30ರಲ್ಲಿ ಮೂರನೇ ಒಂದು, ಅಂದ್ರೆ 10. ಇದೇ ಮೆಣಸಿನವರಲ್ಲಿ ಉಳಿದ 20%. ಹಾಗಾಗಿ ಮೆಣಸು 50, ಎರಡೂ 40. ಉತ್ತರ ಸಿ.

ಮೂಡಿಗೆರೆ ಹುಡುಗ: "50 ಆದ್ರೆ" ಅಂತ ಊಹೆ ಯಾಕೆ ಸಾರ್? ಸೂತ್ರ ಇದೆಯಲ್ಲ: 100 = 70 + ಮೆಣಸು − ಎರಡೂ.

ಕಡೂರಿನವಳು: ಆ ಸೂತ್ರದಲ್ಲಿ ಎರಡೂ ಬೆಳೆಯದವರನ್ನ ಸೊನ್ನೆ ಮಾಡಿಬಿಟ್ರಿ. ಹಾಗೆ ಮಾಡಿದ್ರೆ ಮೆಣಸಿನವರ 20% ಅಂದ್ರೆ 30, ಮೆಣಸಿನವರು 150%! ಇದು ಆಗೋ ಮಾತಾ? ನಾಲ್ಕು ಮನೆ ಕೋಷ್ಟಕ ಹಾಕಿ: ಕಾಫಿ ಮಾತ್ರ 30, ಎರಡೂ 40, ಮೆಣಸು ಮಾತ್ರ 10, ಎರಡೂ ಇಲ್ಲ 20. "ಪ್ರತಿಯೊಬ್ಬರೂ ಒಂದನ್ನಾದ್ರೂ ಬೆಳೀತಾರೆ" ಅಂತ ಪ್ರಶ್ನೆ ಹೇಳದೆ ಕೊನೇ ಮನೇಲಿ ಸೊನ್ನೆ ಬರೀಬಾರದು.

ಬೇಲೂರು ಬ್ಯಾಂಕ್ ಬ್ಯಾಚ್: "ಉತ್ತರ ಸಿ" ಅಂತೀರಲ್ಲ ಮೇಷ್ಟ್ರೇ, ಬ್ಯಾಂಕ್ ಪರೀಕ್ಷೇಲಿ ಸಾಮಾನ್ಯವಾಗಿ ಮೂರನೇ ಆಯ್ಕೆ "ಯಾವುದಾದರೂ ಒಂದು ಸಾಕು". ಎರಡೂ ಸೇರಿ ಬೇಕು ಅನ್ನೋದು ಐದನೇದು. ತಪ್ಪಿದ್ರೆ ಕಾಲು ಅಂಕ ಕಡಿತ ಬೇರೆ.

ಸಕಲೇಶಪುರ ಮೇಷ್ಟ್ರು: ಜಿಮ್ಯಾಟ್‌ನಲ್ಲಿ (ಎಂಬಿಎ ಪ್ರವೇಶ ಪರೀಕ್ಷೆ) ಸಿ ಅಂದ್ರೆ ಎರಡೂ ಸೇರಿ. ಅಲ್ಲಿ ಆಯ್ಕೆಗಳ ಕ್ರಮ ಬದಲಾಗೋದೇ ಇಲ್ಲ.

ಬೇಲೂರು ಬ್ಯಾಂಕ್ ಬ್ಯಾಚ್: ಅಲ್ಲ ಮಾರಾಯ್ರೇ, ಇಲ್ಲಿ ಓದ್ತಿರೋರು ಬ್ಯಾಂಕ್ ಕ್ಲರ್ಕ್, ಪಿಒ (ಪ್ರೊಬೇಷನರಿ ಆಫೀಸರ್) ಪರೀಕ್ಷೆ ಬರೆಯೋ ಹುಡುಗರು! ಅವರಿಗೆ ಯಾಕೆ ಜಿಮ್ಯಾಟ್ ಕ್ರಮ?

ಸಕಲೇಶಪುರ ಮೇಷ್ಟ್ರು: "ಕ್ಲರ್ಕ್, ಪಿಒ" ಅಂತ ಪ್ರಶ್ನೇಲಿ ಎಲ್ಲಿದೆ? ತೋರಿಸಿ.

ಬೇಲೂರು ಬ್ಯಾಂಕ್ ಬ್ಯಾಚ್: ಜಿಮ್ಯಾಟ್ ಅಂತಲೂ ಇಲ್ಲ! ಸಿ ಅಂತ ಬರೆದವರು ನೀವು.

ಕಡೂರಿನವಳು: ಅಕ್ಷರ ಬಿಟ್ಟು "ಎರಡೂ ಸೇರಿ ಸಾಕು" ಅಂತ ಬರೀರಿ.

ಮೂಡಿಗೆರೆ ಹುಡುಗ: ಹೇಗೆ ಸಾಕು? ಒಟ್ಟು ಜನ ಎಷ್ಟು ಅಂತಲೇ ಕೊಟ್ಟಿಲ್ಲ. ಎರಡು ಸೇರಿದ್ರೂ ಸಾಲದು.

ಕಡೂರಿನವಳು: ಕೇಳಿದ್ದು ಪರ್ಸೆಂಟ್. "ಎಷ್ಟು ಜನ" ಅಂತ ಕೇಳಿದ್ರೆ ಮಾತ್ರ ಒಟ್ಟು ಸಂಖ್ಯೆ ಬೇಕು. ಮತ್ತೆ, 1 ಒಂದೇ ಸಾಕು ಅಂದಾಗ ಆ ಒಟ್ಟು ಬೇಕಿರಲಿಲ್ವಾ?

ಬೇಲೂರು ಬ್ಯಾಂಕ್ ಬ್ಯಾಚ್: ಮೇಡಂ, ಪರೀಕ್ಷೇಲಿ ಕ್ಲಿಕ್ ಮಾಡೋದು ಆಯ್ಕೆ, ವಾಕ್ಯ ಬರೆಯೋಕಾಗಲ್ಲ. ಐದನೇದು.

ಸಕಲೇಶಪುರ ಮೇಷ್ಟ್ರು: ಸಿ.