ಗವರ್ನರ್ 'ಹಂಟಿಂಗ್' ಆಗೋದಕ್ಕೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಡಿಪ್ಲೊಮಾ ಹುಡುಗರಿಗೆ ಅಂತ ಜಲವಿದ್ಯುತ್ ಟರ್ಬೈನಿನ ಗವರ್ನರ್ (ಟರ್ಬೈನ್ ವೇಗ ಒಂದೇ ಸಮ ಇರೋ ಹಾಗೆ ನೋಡ್ಕೊಳ್ಳೋ ಸಾಧನ) ಬಗ್ಗೆ ಕನ್ನಡದಲ್ಲಿ ಪಾಠ ಬರೀತಾ ಇದ್ದೀನಿ, ಹಂಟಿಂಗ್ ಅನ್ನೋ ಪದದ ಹತ್ರ ಬರವಣಿಗೆ ನಿಂತಿದೆ. ನಿಘಂಟು ನೋಡಿ ಬೇಟೆ ಅಂತ ಹಾಕಿದ್ರೆ ಯಾರಿಗೂ ಅರ್ಥ ಆಗಲ್ಲ.

ವಿಷಯ ಏನಂದ್ರೆ, ಲೋಡ್, ಅಂದ್ರೆ ಕರೆಂಟಿನ ಬೇಡಿಕೆ, ಜಾಸ್ತಿ ಆದಾಗ ಟರ್ಬೈನ್ ವೇಗ ಇಳಿದು ಕರೆಂಟಿನ ಫ್ರೀಕ್ವೆನ್ಸಿ 50 ಹರ್ಟ್ಸ್‌ಗಿಂತ ಕೆಳಗೆ ಜಾರುತ್ತೆ, ಅದನ್ನ ನೋಡಿ ಗವರ್ನರ್ ನೀರು ಬಿಡೋ ಗೇಟ್ ತೆರೆಯುತ್ತೆ. ಆದ್ರೆ ಟರ್ಬೈನಿಗೆ ನೀರು ತರೋ ಪೆನ್‌ಸ್ಟಾಕ್ ಪೈಪಲ್ಲಿರೋ ಅಷ್ಟೊಂದು ನೀರು ತಕ್ಷಣ ವೇಗ ಹಿಡಿಯಲ್ಲ, ಗೇಟ್ ತೆರೆದ ಗಳಿಗೆಗೆ ಒತ್ತಡ ಬಿದ್ದು ಪವರ್ ಏರೋ ಬದ್ಲು ಸ್ವಲ್ಪ ಹೊತ್ತು ಇಳಿಯುತ್ತೆ, ಸಾಲದು ಅಂತ ಗವರ್ನರ್ ಇನ್ನೂ ತೆರೆಯುತ್ತೆ, ಅಷ್ಟರಲ್ಲಿ ನೀರು ನುಗ್ಗಿ ವೇಗ ಬೇಕಾದ್ದಕ್ಕಿಂತ ಮೇಲೆ ಹೋಗುತ್ತೆ, ಆಗ ಮುಚ್ಚೋಕೆ ಶುರು, ಮತ್ತೆ ಕೆಳಗೆ... ಇದೇ ಹಂಟಿಂಗ್. ಇದನ್ನ ಹಿಡಿಯೋಕೇ ಹಳೇ ಗವರ್ನರ್‌ಗಳಲ್ಲಿ ಚಲನೆಯನ್ನ ನಿಧಾನ ಮಾಡೋ, ಎಣ್ಣೆ ತುಂಬಿದ ಡ್ಯಾಶ್‌ಪಾಟ್ ಇಡ್ತಿದ್ರು, ಈಗ ಆ ಕೆಲಸ ಎಲೆಕ್ಟ್ರಾನಿಕ್ಸ್ ಮಾಡುತ್ತೆ.

ಆಂದೋಲನ ಅಂದ್ರೆ ಆಗಲ್ವಾ ಅಂತ ಕೇಳಬಹುದು. ನನಗೆ ಒಪ್ಪಿಗೆ ಇಲ್ಲ. ಲೋಲಕದ ಆಂದೋಲನ ಅದರ ಪಾಡಿಗೆ ಆಗೋದು, ಇಲ್ಲಿ ಸರಿಮಾಡೋಕೆ ನಿಂತಿರೋ ಗವರ್ನರೇ ತಡವಾಗಿ, ಅತಿಯಾಗಿ ತಿದ್ದಿ ಏರಿಳಿತ ಹುಟ್ಟಿಸ್ತಿದೆ, ಹುಡುಗರಿಗೆ ಮುಖ್ಯವಾಗಿ ತಿಳೀಬೇಕಾದ್ದೇ ಅದು. ಓಲಾಟ ಅಂದ್ರೆ ಹೊರಗಿಂದ ಯಾರೋ ತಳ್ಳಿದ ಹಾಗಿರುತ್ತೆ. ನನ್ನ ಒಲವು 'ಹೊಯ್ದಾಟ'ದ ಕಡೆ. ಎರಡು ಕಡೆಗೂ ಹೋಗಿ ಎಲ್ಲೂ ನಿಲ್ಲದೇ ಇರೋದು ಅದ್ರಲ್ಲಿ ಬರುತ್ತೆ, ಕ್ರಿಯಾಪದಾನೂ ಸಲೀಸು: "ಗವರ್ನರ್ ಹೊಯ್ದಾಡ್ತಿದೆ".

ಇನ್ನೊಂದು ಅನುಕೂಲ. ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1868ರಲ್ಲೇ ಗವರ್ನರ್‌ಗಳ ಗಣಿತ ಬರೆದಾಗ, ಏರಿಳಿತ ಬರ್ತಾ ಬರ್ತಾ ಕಮ್ಮಿ ಆಗುತ್ತಾ ಇಲ್ಲಾ ಬೆಳೀತಾ ಹೋಗುತ್ತಾ ಅಂತ ಬೇರೆ ಮಾಡಿ ತೋರಿಸಿದ್ರು, ಮೊದಲನೇದು ಪರವಾಗಿಲ್ಲ, ಎರಡನೇದು ಅಪಾಯ. ಅಡಗುವ ಹೊಯ್ದಾಟ, ಬೆಳೆಯುವ ಹೊಯ್ದಾಟ ಅಂತ ಸುಲಭವಾಗಿ ಹೇಳಬಹುದು.

ಡೀಸೆಲ್ ಜನರೇಟರ್‌ಗಳಲ್ಲೂ ಇದೇ ತೊಂದ್ರೆ ಬರುತ್ತೆ, ಎಂಜಿನ್ ಸದ್ದು ಏರ್ತಾ ಇಳೀತಾ ಇರುತ್ತೆ. ನಿಮ್ಮ ಕಡೆ ಮೆಕ್ಯಾನಿಕ್‌ಗಳು, ಪವರ್‌ಹೌಸಲ್ಲಿ ಕೆಲಸ ಮಾಡಿದೋರು ಇದಕ್ಕೆ ಏನಂತಾರೆ? ಅವರ ಬಾಯಲ್ಲಿ ಪದ ಇದ್ರೆ ನಾನು ಹೊಯ್ದಾಟ ಬಿಟ್ಟು ಅದನ್ನೇ ಹಾಕ್ತೀನಿ. ಉತ್ತರ ಕರ್ನಾಟಕ, ಕರಾವಳಿ ಕಡೆಯೋರು ದಯವಿಟ್ಟು ತಿಳಿಸಿ.