'ಹ್ಯಾಂಗ್ ಆಯ್ತು' ಅನ್ನಲು 'ಬಾಕಿಯಾಯ್ತು' ಆದೀತಾ?

ಸ್ನೇಹಿತರೇ, ನಮಸ್ಕಾರ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಓದಿ ಈಗ ಸಂಖ್ಯಾಶಾಸ್ತ್ರ ಕಲಿಯುತ್ತಿರುವ ಮಕ್ಕಳಿಗಾಗಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಬಳಸುವ ಆರ್ (R) ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಂ ರಾತ್ರಿಯಿಡೀ ಓಡಬೇಕು, ಆದರೆ ಒಮ್ಮೊಮ್ಮೆ ನಡುವೆಯೇ ನಿಂತುಬಿಡುತ್ತದೆ. ಎರರ್ ಇಲ್ಲ, ಮೆಸೇಜ್ ಇಲ್ಲ. ಮಾತಿನಲ್ಲಿ 'ಹ್ಯಾಂಗ್ ಆಯ್ತು' ಅನ್ನುತ್ತೇವೆ, ಬರೆಯುವಾಗ 'ಸ್ಥಗಿತಗೊಂಡಿತು' ಅನ್ನುತ್ತೇವೆ. ನನ್ನ ತಕರಾರು ಇಲ್ಲೇ. ಪ್ರೋಗ್ರಾಂ ಸತ್ತಿಲ್ಲ. ಅದು ಒಳಗೆ ಏನು ಮಾಡುತ್ತಿದೆ ಅನ್ನುವುದರ ಮೇಲೆ ಮದ್ದು ಬೇರೆ ಬೇರೆ.

ಯಾವ ಪ್ರೋಗ್ರಾಂ ಎಷ್ಟು ಸಿಪಿಯು ಬಳಸುತ್ತಿದೆ ಎಂದು ತೋರಿಸುವ ಟಾಪ್ (top) ಕಮಾಂಡ್ ಕೊಟ್ಟಾಗ ಸಿಪಿಯು ಶೇಕಡಾ 100 ತೋರಿಸುತ್ತಲೇ ಇದ್ದರೆ, ಬಹುಶಃ ಒಂದೇ ಲೂಪಿನಲ್ಲಿ ಸುತ್ತುತ್ತಿದೆ. ಷರತ್ತಿಗೆ ಹೊಂದುವ ಸಂಖ್ಯೆ ಸಿಗುವವರೆಗೆ ಮತ್ತೆ ಮತ್ತೆ ಆರಿಸು ಎಂದು ಬರೆದಿರುತ್ತೇವೆ, ಅಂಥ ಸಂಖ್ಯೆ ಸಿಗುವುದೇ ಇಲ್ಲ. ಇದಕ್ಕೆ 'ಗಿರಕಿ ಹೊಡೆಯುತ್ತಿದೆ' ಅನ್ನುವ ಮಾತು ಸಾಕು. ಅದೇ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಸರಣಿಯನ್ನು ನಿರ್ಧರಿಸುವ ಆರಂಭದ ಸಂಖ್ಯೆ) ಕೊಟ್ಟು ಓಡಿಸಿದರೆ ಸಾಮಾನ್ಯವಾಗಿ ಅದೇ ಜಾಗದಲ್ಲಿ ಸಿಕ್ಕಿಬೀಳುತ್ತದೆ.

ಸಿಪಿಯು ಸೊನ್ನೆ ತೋರಿಸಿದರೆ ಕಷ್ಟ. ಆರ್‌ನ ಎಂಸಿಲ್ಯಾಪ್ಲೈ (mclapply) ಫಂಕ್ಷನ್ ಬಳಸಿ ಕೆಲಸ ಹಂಚಿದಾಗ ಪ್ರೋಗ್ರಾಂ ಫೋರ್ಕ್ ಆಗಿ ತನ್ನ ಪ್ರತಿಗಳನ್ನು, ಅಂದರೆ ಮರಿ ಪ್ರೋಸೆಸ್ಸುಗಳನ್ನು, ಹುಟ್ಟಿಸುತ್ತದೆ. ಪ್ರತಿಯೊಳಗೆ ಬರುವುದು ಫೋರ್ಕ್ ಮಾಡಿದ ಒಂದು ಥ್ರೆಡ್ (ಪ್ರೋಗ್ರಾಮಿನೊಳಗೆ ಓಡುವ ಕೆಲಸದ ಒಂದು ಎಳೆ) ಮಾತ್ರ. ಆ ಕ್ಷಣಕ್ಕೆ ಬೇರೊಂದು ಥ್ರೆಡ್ ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ ಬಳಸಲೆಂದು ಹಾಕುವ ಬೀಗ) ಹಿಡಿದಿದ್ದರೆ, ಪ್ರತಿಯಲ್ಲಿ ಲಾಕ್ ಹಾಕಿದ ಹಾಗೇ ಇರುತ್ತದೆ, ಬಿಡಿಸಬೇಕಾದ ಥ್ರೆಡ್ ಇರುವುದಿಲ್ಲ. ಆ ಲಾಕ್ ಬೇಕಾದಾಗ ಪ್ರತಿ ಕಾಯಲು ಕೂತರೆ ಮುಗಿಯಿತು. ಆ ಕ್ಷಣ ಕೂಡಿಬಂದರೆ ಮಾತ್ರ ಹೀಗಾಗುವುದು, ಅದಕ್ಕೇ ಸೀಡ್ ಹಿಡಿದು ಹುಡುಕಿದರೆ ಸಿಗುವುದಿಲ್ಲ. ತಾಯಿ ಪ್ರೋಸೆಸ್ಸೂ ಮಕ್ಕಳಿಗಾಗಿ ಕಾಯುತ್ತಿರುತ್ತದೆ, ಆದ್ದರಿಂದ ಓಡುತ್ತಿರುವ ಪ್ರೋಗ್ರಾಮಿನ ಒಳಗನ್ನು ತೋರಿಸುವ ಸಲಕರಣೆಯಾದ ಜಿಡಿಬಿಯನ್ನು (gdb) ಮರಿ ಪ್ರೋಸೆಸ್ಸಿಗೇ ಹಚ್ಚಬೇಕು. ಯಾವ ಫಂಕ್ಷನ್ ಯಾವುದನ್ನು ಕರೆದಿದೆ ಎಂದು ತೋರಿಸುವ 'ಬಿಟಿ' (bt) ಕಮಾಂಡ್ ಕೊಟ್ಟರೆ ಮೊದಲ ಸಾಲುಗಳಲ್ಲೇ ಲಾಕಿಗೆ ಕಾಯುವ ಫಂಕ್ಷನ್ ಕಾಣುತ್ತದೆ.

ಈ ಸ್ಥಿತಿಗೆ ಏನನ್ನೋಣ? ಡೆಡ್‌ಲಾಕ್‌ಗೆ ಪತ್ರಿಕೆಗಳ 'ಕಗ್ಗಂಟು' ನನಗೆ ತುಂಬಾ ಇಷ್ಟ. ಆದರೆ ಅದು ಇಬ್ಬರೂ ಒಬ್ಬರಿಗಾಗಿ ಒಬ್ಬರು ಕಾಯುವಾಗ ಸರಿ. ಇಲ್ಲಿ ಕಾಯುವವನು ಇದ್ದಾನೆ, ಬರಬೇಕಾದವನೇ ಇಲ್ಲ. ನಮ್ಮ ಕಡೆ ಇಂಥದ್ದಕ್ಕೆ 'ಬಾಕಿಯಾಗು' ಅನ್ನುತ್ತೇವೆ. 'ಲಾಸ್ಟ್ ಬಸ್ಸು ತಪ್ಪಿ ಮುಳ್ಳೇರಿಯದಲ್ಲಿ ಬಾಕಿಯಾದೆ.' 'ಕರೆಂಟ್ ಹೋಗಿ ಲಿಫ್ಟಿನಲ್ಲಿ ಬಾಕಿಯಾದರು.' ತುಳುವಿನಲ್ಲೂ ಈ ಬಳಕೆ ಇದೆ. ಮುಂದೆ ಹೋಗಲಾರದೆ, ಹಿಂದೆ ಬರಲಾರದೆ ಅಲ್ಲೇ ಉಳಿಯುವುದು. ಮರಿ ಪ್ರೋಸೆಸ್ಸಿನ ಪಾಡು ಅದೇ ಅಲ್ವಾ?

ಆದರೆ ಘಟ್ಟದ ಮೇಲಿನವರಿಗೆ ಬಾಕಿ ಅಂದರೆ ಸಾಲದ ಬಾಕಿ, ಮುಗಿಯದ ಕೆಲಸ. 'ನಾಲ್ಕನೇ ಪ್ರೋಸೆಸ್ ಬಾಕಿಯಾಗಿದೆ' ಎಂದು ಬರೆದರೆ, ಅದಿನ್ನೂ ಶುರುವೇ ಆಗಿಲ್ಲ ಎಂದು ಓದಿಕೊಂಡಾರು. ಸರದಿಯಲ್ಲಿ ನಿಂತ ಪ್ರೋಸೆಸ್ಸೂ ಇರುವುದರಿಂದ ಈ ಗೊಂದಲ ಸಣ್ಣದಲ್ಲ.

ಮೈಸೂರು, ಧಾರವಾಡ, ಕಲಬುರಗಿಯವರು, ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡಿಗರು ದಯವಿಟ್ಟು ಹೇಳಿ: ಮೇಲಿನ ಬಸ್ಸಿನ ವಾಕ್ಯ ನಿಮಗೆ ಹಾಗೇ ಅರ್ಥವಾಯಿತಾ? 'ಸಿಕ್ಕಿಹಾಕಿಕೊಂಡ' ಗೊತ್ತಿದೆ, ಆದರೆ ಅದರಲ್ಲಿ ಬಿಡಿಸಿಕೊಳ್ಳುವ ಒದ್ದಾಟವೂ ಕೇಳಿಸುತ್ತದೆ. ಒದ್ದಾಡದೆ ಸುಮ್ನೆ ಕಾಯುತ್ತಾ ಉಳಿದವನಿಗೆ ನಿಮ್ಮೂರಿನಲ್ಲಿ ಬೇರೆ ಮಾತಿದ್ದರೆ, ಒಂದು ವಾಕ್ಯದಲ್ಲಿ ಹಾಕಿ ಬರೆಯಿರಿ.